ಮುಂದಿನ ತಿರುವಿನಲ್ಲಿ ಏನಿದೆ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಸಿನಿಮಾದಲ್ಲಿ ಹಳೆಯ ಬಂಗಲೆಯೊಂದು ಕಂಡ ಕೂಡಲೇ ನಮ್ಮ ಎದೆಬಡಿತ ಏಕೆ ಹೆಚ್ಚುತ್ತದೆ? ಇನ್ನೂ ಯಾರೂ ಬಂದಿರುವುದಿಲ್ಲ, ಏನೂ ನಡೆದಿರುವುದಿಲ್ಲ. ಆದರೂ ಏನೋ ಆಗಲಿದೆ ಎಂದು ಮನಸ್ಸು ಹೇಳುತ್ತದೆ.

ಬೆಚ್ಚಿಬೀಳುವುದು ಬೇರೆ, ಸಸ್ಪೆನ್ಸ್ ಬೇರೆ ಎಂದು ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ವಿವರಿಸಿದ್ದರು. ಮೇಜಿನ ಕೆಳಗಿನ ಬಾಂಬ್ ಇದ್ದಕ್ಕಿದ್ದಂತೆ ಸಿಡಿದರೆ ಒಂದು ಕ್ಷಣ ಬೆಚ್ಚುತ್ತೇವೆ. ಬಾಂಬ್ ಇರುವುದು ನಮಗೆ ಗೊತ್ತಿದ್ದು, ಅಲ್ಲಿ ಕುಳಿತವರಿಗೆ ಗೊತ್ತಿಲ್ಲದಿದ್ದರೆ ಅಷ್ಟೂ ಹೊತ್ತು ಉಸಿರು ಬಿಗಿಹಿಡಿಯುತ್ತೇವೆ. ಅಂದರೆ ಸಸ್ಪೆನ್ಸ್‌ಗೆ ಅರ್ಧ ತಿಳಿದಿರಬೇಕು, ಅರ್ಧಕ್ಕೆ ಕಾಯಬೇಕು. ದಾದಿ ಕಥೆಯನ್ನು ನಡುವೆ ನಿಲ್ಲಿಸಿದಾಗ ಮನೆಯಲ್ಲಿ ಮಕ್ಕಳು ‘ಫಿರ್ ಕ್ಯಾ ಹುವಾ?’ ಎಂದು ಕೇಳುವುದೂ ಇದಕ್ಕೇ.

ಹಿಚ್‌ಕಾಕ್ ಅವರ ‘ಸೈಕೋ’ (1960) ಚಿತ್ರದಲ್ಲಿ ಕೆಳಗೆ ಲಾಡ್ಜ್, ಗುಡ್ಡದ ಮೇಲೆ ಮನೆ, ಅದರ ಕಿಟಕಿಯಲ್ಲಿ ಒಂದು ಆಕೃತಿ. ಯಾರೋ ಇದ್ದಾರೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ಕನ್ನಡದ ‘ಆಪ್ತಮಿತ್ರ’ದಲ್ಲಿ (2004) ಇದೇ ಕೆಲಸವನ್ನು ಬೀಗ ಹಾಕಿದ ಕೋಣೆಯೊಂದು ಮಾಡುತ್ತದೆ.

ನಿಜವಾದ ಕಟ್ಟಡಗಳೂ ಹೀಗೆ ನಮ್ಮನ್ನು ಕಾಯಿಸುತ್ತವೆ. ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ತಿರುವು. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಎದುರಿನ ವಾಹನದ ಹಾರ್ನ್ ಕೇಳುತ್ತದೆ, ವಾಹನ ಕಾಣುವುದಿಲ್ಲ. ಕಟ್ಟಡದಲ್ಲಿ ತಿರುಗುವ ಮೆಟ್ಟಿಲು, ಉದ್ದ ಕಾರಿಡಾರಿನ ಕೊನೆಯ ಮೂಲೆ ಮಾಡುವುದೂ ಇದನ್ನೇ.

ಎರಡನೆಯದು ಬೆಳಕು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ನಿರ್ಮಾಣ 1430ರಲ್ಲಿ ಆರಂಭವಾಯಿತು. ಹೊರಗೆ ಬಿಸಿಲಿನಲ್ಲಿ ಎತ್ತರದ ಮಾನಸ್ತಂಭ. ಒಳಗೆ ಮಂಟಪದಿಂದ ಮಂಟಪಕ್ಕೆ ಹೋದಂತೆ ಬೆಳಕು ಕಡಿಮೆಯಾಗುತ್ತದೆ, ಕಣ್ಣು ತಾನಾಗಿ ಗರ್ಭಗುಡಿಯ ದೀಪದ ಕಡೆಗೆ ಹೋಗುತ್ತದೆ. ಅಲ್ಲಿ ಇರುವುದು ಭಯವಲ್ಲ, ಭಕ್ತಿ. ಆದರೆ ನೋಡುವವರನ್ನು ಕಾಯಿಸುವ ಜಾಣ್ಮೆ ಒಂದೇ.

ಮೂರನೆಯದು ಶಬ್ದ. 1656ರಲ್ಲಿ ಪೂರ್ಣಗೊಂಡ ವಿಜಯಪುರದ ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಂದು ಕಡೆ ಪಿಸುಗುಟ್ಟಿದರೆ ಸುಮಾರು 37 ಮೀಟರ್ ಆಚೆ, ಎದುರು ಬದಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ದುಂಡಗಿನ ಗೋಡೆ ಶಬ್ದವನ್ನು ಸುತ್ತಲೂ ಒಯ್ಯುವುದೇ ಇದಕ್ಕೆ ಕಾರಣ. ಕಿವಿಯ ಪಕ್ಕದಲ್ಲೇ ಮಾತು, ಆದರೆ ಮಾತನಾಡಿದವರು ಪಕ್ಕದಲ್ಲಿಲ್ಲ!

ಇಷ್ಟು ತಿಳಿದ ಮೇಲೆ ಇನ್ನೊಂದು ವಿಷಯವನ್ನೂ ಯೋಚಿಸಬೇಕು. ಟಿಕೆಟ್ ಕೊಂಡು ಹೆದರುವುದು ನಮ್ಮ ಆಯ್ಕೆ. ಆದರೆ ಸಂಜೆ ಟ್ಯೂಷನ್ ಮುಗಿಸಿ ಬಲ್ಬ್ ಇಲ್ಲದ ಮೆಟ್ಟಿಲು ಇಳಿಯುವ ವಿದ್ಯಾರ್ಥಿನಿಗೆ ಆ ಕತ್ತಲೆಯ ತಿರುವು ಆಯ್ಕೆಯಲ್ಲ. ಆಸ್ಪತ್ರೆಯಲ್ಲಿ ವಾರ್ಡ್ ಹುಡುಕುವ ವೃದ್ಧರಿಗೂ ಹಾಗೆಯೇ. ಬೆಂಕಿ ಬಿದ್ದಾಗ ಬಾಗಿಲು ಎಲ್ಲಿದೆ ಎಂಬುದು ಯಾರಿಗೂ ಸಸ್ಪೆನ್ಸ್ ಆಗಿರಬಾರದು.

ಇದನ್ನು ಸರಿಪಡಿಸಲು ದೊಡ್ಡ ಬಜೆಟ್ ಬೇಕಾಗಿಲ್ಲ. ತಿರುವಿನಲ್ಲಿ ಒಂದು ದೀಪ, ಮೆಟ್ಟಿಲ ಬಳಿ ಒಂದು ಕಿಟಕಿ, ಹೊರದಾರಿಗೆ ಬಾಣದ ಗುರುತು ಇದ್ದರೆ ಬಹಳಷ್ಟು ಭಯ ಕಡಿಮೆಯಾಗುತ್ತದೆ. ನಾಳೆ ನಮ್ಮಲ್ಲಿ ಕೆಲವರು ಮನೆ, ಅಂಗಡಿ, ಕಾಂಪ್ಲೆಕ್ಸ್ ಕಟ್ಟಿಸುತ್ತೇವೆ. ಆಗ ಇಂಜಿನಿಯರ್ ಬಳಿ ಚದರಡಿಯ ದರದ ಜೊತೆಗೆ, ರಾತ್ರಿ ಒಬ್ಬರೇ ನಡೆಯುವವರಿಗೆ ಎಲ್ಲಿಯವರೆಗೆ ಕಾಣುತ್ತದೆ ಎಂದೂ ಕೇಳೋಣ.