ಚುಕ್ಕಿಯ ಗಿಟಾರು

ಬಡ್ಡಿ ಎಂಬ ಮಾತು ಕಿವಿಗೆ ಬಿದ್ದೊಡನೆ ಗೃಹಸ್ಥನಿಗೆ ನೆನಪಾಗುವುದು ಸಾಲ. ಆದರೆ ಅಮೆರಿಕಾ ದೇಶದ ಸಂಗೀತಪ್ರಿಯರಿಗೆ ಬಡ್ಡಿ ಗೈ ಎಂಬುದು ಒಬ್ಬ ಹಿರಿಯ ಗಾಯಕನ ಹೆಸರು. ವಿದ್ಯುತ್ತಿನ ಗಿಟಾರನ್ನು ನುಡಿಸುತ್ತ ಬ್ಲೂಸ್ ಎಂಬ ಹಾಡುಗಳನ್ನು ಹಾಡುವವರಲ್ಲಿ ಈತನು ಅಗ್ರಗಣ್ಯನು. ಈತನ ಬಾಳಿನಲ್ಲಿಯೂ ಒಂದು ಸಾಲದ ಕಥೆಯುಂಟು. ಅದನ್ನು ಕಡೆಯಲ್ಲಿ ಹೇಳುವೆವು.

ಬ್ಲೂಸ್ ಎಂಬುದು ಅಮೆರಿಕಾದ ದಕ್ಷಿಣ ಸೀಮೆಯ ಹತ್ತಿಯ ಹೊಲಗಳಲ್ಲಿ ದುಡಿದ ಆಫ್ರಿಕಾ ಮೂಲದ ಜನರ ಹಾಡು. ಅದರ ಕಟ್ಟು ಬಲು ಸರಳ. ಒಂದು ಪಂಕ್ತಿಯನ್ನು ಹಾಡಿ, ಅದನ್ನೇ ಮತ್ತೊಮ್ಮೆ ಹೇಳಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು ವಾಡಿಕೆ. ಪ್ರತಿಯೊಂದು ಪಂಕ್ತಿಯ ಕೊನೆಯಲ್ಲಿ ಗಾಯಕನು ಸುಮ್ಮನಾದಾಗ ಗಿಟಾರು ಮಾತನಾಡುತ್ತದೆ. ಬಡ್ಡಿ ಗೈಯು ತಂತಿಯನ್ನು ಪಕ್ಕಕ್ಕೆ ಎಳೆದು, ಸ್ವರವನ್ನು ಅಳುವಂತೆಯೂ ಗದರುವಂತೆಯೂ ಮಾಡುತ್ತಾನೆ. ಒಮ್ಮೆ ಪಿಸುಮಾತು, ಮರುಕ್ಷಣದಲ್ಲಿಯೇ ಆರ್ಭಟ.

ಈತನು ಹುಟ್ಟಿದುದು 1936ನೆಯ ಇಸವಿ ಜುಲೈ 30ರಂದು, ಲೂಯಿಸಿಯಾನಾ ಪ್ರಾಂತದ ಲೆಟ್ಸ್‌ವರ್ತ್ ಎಂಬ ಹಳ್ಳಿಯಲ್ಲಿ. ತಂದೆತಾಯಿಗಳು ಪರರ ಭೂಮಿಯನ್ನು ವಾರಕ್ಕೆ ಮಾಡುತ್ತಿದ್ದ ಬಡ ರೈತರು. ವಾದ್ಯ ಕೊಳ್ಳಲು ಹಣವಿಲ್ಲದ ಹುಡುಗನು ಕಿಟಕಿಯ ಸೊಳ್ಳೆಪರದೆಯ ತಂತಿಗಳನ್ನು ಕಿತ್ತು ನುಡಿಸಿ ನೋಡುತ್ತಿದ್ದನಂತೆ. ಮನೆಯೊಳಗೆ ಸೊಳ್ಳೆಗಳು ನುಗ್ಗಿದಾಗ ತಾಯಿಗೆ ಕಾರಣ ತಿಳಿಯಿತು!

1957ನೆಯ ಇಸವಿ ಸೆಪ್ಟೆಂಬರ್ 25ರಂದು ಆತನು ಚಿಕಾಗೋ ನಗರವನ್ನು ಸೇರಿದನು. ಕೆಲಕಾಲ ಹಸಿವೆಯೇ ಜೊತೆಗಾರನಾಯಿತು. ಹಿರಿಯ ಗಾಯಕ ಮಡ್ಡಿ ವಾಟರ್ಸ್ ಆತನ ನುಡಿಸುವಿಕೆಯನ್ನು ಕೇಳಿ, ಮೊದಲು ತಿನ್ನಲು ಕೊಟ್ಟು, ಬಳಿಕ ಧೈರ್ಯ ಹೇಳಿದನು. ಮುಂದೆ ಚೆಸ್ ಎಂಬ ಹೆಸರಾಂತ ಧ್ವನಿಮುದ್ರಣ ಸಂಸ್ಥೆಯಲ್ಲಿ ಆತನಿಗೆ ಕೆಲಸ ದೊರೆಯಿತು.

ಇಲ್ಲಿಯೇ ಆತನ ಕಷ್ಟವು ಆರಂಭವಾಯಿತು. ರಾತ್ರಿಯ ಸಭೆಗಳಲ್ಲಿ ಜನರನ್ನು ಹುಚ್ಚೆಬ್ಬಿಸುತ್ತಿದ್ದ ಆತನ ರಭಸದ ನುಡಿಸುವಿಕೆಯು ಸಂಸ್ಥೆಯ ಯಜಮಾನ ಲಿಯೊನಾರ್ಡ್ ಚೆಸ್ಸನಿಗೆ ಬರಿಯ ಗದ್ದಲವಾಗಿ ತೋರಿತು. ಆದುದರಿಂದ ಆತನು ಇತರರ ಹಾಡುಗಳಿಗೆ ಹಿನ್ನೆಲೆಯಲ್ಲಿ ತಗ್ಗಿಸಿಯೇ ನುಡಿಸಬೇಕಾಯಿತು. ಮಡ್ಡಿ ವಾಟರ್ಸನ 1964ರ 'ಫೋಕ್ ಸಿಂಗರ್' ಎಂಬ ಮುದ್ರಿಕೆಯಲ್ಲಿ ಆ ತಗ್ಗಿದ ವಾದನದ ಸೊಗಸನ್ನು ಕೇಳಬಹುದು. 1965ರಲ್ಲಿ ಗೆಳೆಯ ಜೂನಿಯರ್ ವೆಲ್ಸನು ಬೇರೊಂದು ಸಂಸ್ಥೆಗಾಗಿ 'ಹೂಡೂ ಮ್ಯಾನ್ ಬ್ಲೂಸ್' ಎಂಬ ತಟ್ಟೆಯನ್ನು ತಯಾರಿಸಿದಾಗ, ಚೆಸ್ ಸಂಸ್ಥೆಯ ಕರಾರಿನ ಭಯದಿಂದ ಗಿಟಾರುಗಾರನ ಹೆಸರನ್ನು 'ಫ್ರೆಂಡ್ಲಿ ಚಾಪ್', ಎಂದರೆ 'ಸ್ನೇಹಪರ ಆಸಾಮಿ', ಎಂದು ಅಚ್ಚುಹಾಕಿಸಿದರು. ತನ್ನ ಕೈಯ ಕೆಲಸಕ್ಕೆ ತನ್ನ ಹೆಸರನ್ನಿಡುವ ಸ್ವಾತಂತ್ರ್ಯವೂ ಆತನಿಗಿರಲಿಲ್ಲ! ಜೀವನಕ್ಕಾಗಿ ಹಗಲು ಹೊತ್ತಿನಲ್ಲಿ ಕೆಟ್ಟುನಿಂತ ಮೋಟಾರುಗಳನ್ನು ಎಳೆಯುವ ಲಾರಿಯನ್ನು ನಡೆಸುತ್ತಿದ್ದನು.

ಕಾಲವು ತಿರುಗಿತು. ಇಂಗ್ಲೆಂಡಿನ ತರುಣರು ಅದೇ ಗದ್ದಲವನ್ನು ಕಲಿತು ಲಕ್ಷಗಟ್ಟಲೆ ತಟ್ಟೆಗಳನ್ನು ಮಾರಿದರು. ಆಗ ಚೆಸ್ಸನು ತನ್ನನ್ನು ಕರೆಯಿಸಿ, ಬಗ್ಗಿ ನಿಂತು, "ನನ್ನನ್ನು ಒದೆ" ಎಂಬರ್ಥದ ಮಾತನ್ನಾಡಿದನೆಂದು ಬಡ್ಡಿ ಗೈಯೇ ಹೇಳಿಕೊಂಡಿದ್ದಾನೆ. ಆದರೂ ದೊಡ್ಡ ಅವಕಾಶವು ಬಂದುದು 1991ರಲ್ಲಿ, ಐವತ್ತೈದರ ಹರೆಯದಲ್ಲಿ. ಲಂಡನ್ನಿನಲ್ಲಿ ಮುದ್ರಿತವಾದ 'ಡ್ಯಾಮ್ ರೈಟ್, ಐ ಹ್ಯಾವ್ ಗಾಟ್ ದ ಬ್ಲೂಸ್' ಎಂಬುದರಲ್ಲಿ ಆತನ ಕೈಯನ್ನು ತಡೆಯುವವರಿರಲಿಲ್ಲ. ಎರಿಕ್ ಕ್ಲಾಪ್ಟನ್, ಜೆಫ್ ಬೆಕ್ ಮೊದಲಾದ ಇಂಗ್ಲೆಂಡಿನ ಪ್ರಸಿದ್ಧರು ಈಗ ಆತನಿಗೆ ಜೊತೆಗೂಡಿ ನುಡಿಸಿದರು. ಗ್ರ್ಯಾಮಿ ಪಾರಿತೋಷಕವೂ ಬಂದಿತು.

ಅಲ್ಲಿಂದ ಮುಂದೆ ಆತನು ಒಂದೇ ಹಾದಿಯನ್ನು ಹಿಡಿದು ಕೂಡಲಿಲ್ಲ. 2001ರ 'ಸ್ವೀಟ್ ಟೀ' ಮಿಸಿಸಿಪ್ಪಿಯ ಗುಡ್ಡಗಾಡಿನ ಒರಟು ಧಾಟಿಯದು. ಅದರ ಮೊದಲ ಹಾಡಿನಲ್ಲಿ ಮುಪ್ಪಿನ ಅಳಲನ್ನು ಬಹು ಮೆಲ್ಲಗೆ ತೋಡಿಕೊಂಡಿದ್ದಾನೆ. 2003ರ 'ಬ್ಲೂಸ್ ಸಿಂಗರ್' ವಿದ್ಯುತ್ತಿನ ಹಂಗಿಲ್ಲದ ವಾದ್ಯಗಳಿಂದ ಕೂಡಿದುದು. 'ಏಂಟ್ ಡನ್ ವಿತ್ ದ ಬ್ಲೂಸ್' ಎಂಬುದು 2025ರ ಜುಲೈ 30ರಂದು, ಆತನಿಗೆ 89 ವರ್ಷ ತುಂಬಿದ ದಿನವೇ ಹೊರಬಂದಿತು. ಬ್ಲೂಸಿನ ಕೆಲಸವಿನ್ನೂ ಮುಗಿದಿಲ್ಲವೆಂಬುದೇ ಆ ಹೆಸರಿನ ಅರ್ಥ.

ಇನ್ನು ಸಾಲದ ಮಾತು. ಚಿಕಾಗೋವಿಗೆ ಹೊರಡುವಾಗ ಕಾಯಿಲೆಯಿಂದ ನರಳುತ್ತಿದ್ದ ತಾಯಿಯನ್ನು ಸಮಾಧಾನಪಡಿಸಲು, "ಚುಕ್ಕಿ ಚುಕ್ಕಿಯ ಕ್ಯಾಡಿಲಾಕ್ ಮೋಟಾರಿನಲ್ಲಿ ನಿನ್ನನ್ನು ನೋಡಲು ಬರುತ್ತೇನೆ" ಎಂಬುದಾಗಿ ಹೇಳಿದ್ದನಂತೆ. ಅದು ಸುಳ್ಳೆಂದು ಆತನಿಗೇ ಗೊತ್ತಿತ್ತು. ಮಗನ ಕೀರ್ತಿಯನ್ನು ಕಾಣುವ ಮೊದಲೇ ತಾಯಿಯು ತೀರಿಕೊಂಡಳು. ಆಕೆಯ ನೆನಪಿಗಾಗಿಯೇ ಆತನು ಮೈತುಂಬ ಬಿಳಿಯ ಚುಕ್ಕಿಗಳುಳ್ಳ ಕಪ್ಪು ಗಿಟಾರನ್ನು ಮಾಡಿಸಿಕೊಂಡನು.

ಈಗ ಈ ಮುದ್ರಿಕೆಗಳನ್ನು ಕೈಯಲ್ಲಿರುವ ಫೋನಿನಲ್ಲಿಯೇ ಕೇಳಬಹುದು. ವಾಚಕರು ಮೊದಲು 1964ರದನ್ನೂ ಬಳಿಕ 1991ರದನ್ನೂ ಕೇಳಲಿ. ಒಂದು ಕೈಯು ಎಷ್ಟು ಕಾಲ ತನ್ನನ್ನು ತಾನೇ ಬಿಗಿಹಿಡಿದುಕೊಂಡಿತ್ತೆಂಬುದು ಆಗ ತಿಳಿಯುವುದು. ಕೇಳುವಾಗ ಆ ಚುಕ್ಕಿಗಳನ್ನೂ, ಸೊಳ್ಳೆಪರದೆಯನ್ನು ಕಳೆದುಕೊಂಡ ಆ ತಾಯಿಯನ್ನೂ ಒಮ್ಮೆ ನೆನೆಯಬೇಕು.