ರಜೆಯ ಸೇವೆ

ಚಳಿಗಾಲದ ರಜೆ ಬಂದಿತೆಂದರೆ ಊರಿಗೆ ಹೋಗಿ, ಉಂಡು ಮಲಗಿ, ಜಾತ್ರೆ ನೋಡಿ ಹಿಂದಿರುಗುವುದು ನಮ್ಮಲ್ಲಿ ಅನೇಕರ ವಾಡಿಕೆ. ನಾನೂ ಮೂಗೂರಿನವನೇ, ತ್ರಿಪುರಸುಂದರಿ ಅಮ್ಮನವರ ಜಾತ್ರೆಯನ್ನು ತಪ್ಪಿಸಿಕೊಂಡವನಲ್ಲ. ಆದರೆ ಕಳೆದ ರಜೆಯಲ್ಲಿ ಹದಿನೆಂಟು ದಿನಗಳನ್ನು ಒಂದು ಸೇವಾಸಂಸ್ಥೆಗೆ ಕೊಟ್ಟೆನು. ಅನುಭವಿಗಳ ಕೈಕೆಳಗೆ ಕೆಲವು ಕಾಲ ದುಡಿದು ಕಲಿಯುವ ಈ ಕ್ರಮಕ್ಕೆ ಈಗ ‘ಇಂಟರ್ನ್‌ಶಿಪ್’ ಎಂದು ಹೆಸರು.

ಹೆಸರು ಹೊಸದಾದರೂ ಭಾವನೆ ಹಳೆಯದು. ವಿದ್ಯಾರ್ಥಿಗಳು ಸ್ವಯಂಪ್ರೇರಣೆಯಿಂದ ಸಮಾಜಸೇವೆಗೆ ಇಳಿಯಬೇಕೆಂಬ ಮಾತನ್ನು ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು 1949ರಲ್ಲಿಯೇ ಎತ್ತಿದ್ದಿತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ನಮ್ಮ ಜಿಲ್ಲೆಯಲ್ಲಿಯೇ 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ಕಟ್ಟಿ, ಮುಂದೆ ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರಿಗಾಗಿ ಕೆಂಚನಹಳ್ಳಿಯಲ್ಲಿ ಆಸ್ಪತ್ರೆಯನ್ನೂ ಹೊಸಹಳ್ಳಿಯಲ್ಲಿ ಶಾಲೆಯನ್ನೂ ತೆರೆದರು. ಅವರಿಗೂ ನಮಗೂ ಒಂದು ವ್ಯತ್ಯಾಸವಿದೆ: ಅವರು ಅಲ್ಲಿಯೇ ನಿಂತರು, ನಾವು ರಜೆ ಮುಗಿದೊಡನೆ ಹಿಂದಿರುಗುವವರು.

ಈ ವ್ಯತ್ಯಾಸದ ತೂಕ ನನಗೆ ತಿಳಿದದ್ದು ಒಂದು ಅರ್ಜಿಯಿಂದ. ನಮ್ಮ ಸುತ್ತಣ ಹಳ್ಳಿಗಳ ವೃದ್ಧರ ಪಿಂಚಣಿಯ ಕಾಗದಪತ್ರಗಳನ್ನು ಓದಿ ಹೇಳುವುದು ನನಗೆ ಒಪ್ಪಿಸಿದ ಕೆಲಸ. ಒಕ್ಕಣೆಯ ಕಾಲವಾದ್ದರಿಂದ ಹಗಲಲ್ಲಿ ಮನೆಗಳಲ್ಲಿ ಯಾರೂ ಸಿಕ್ಕುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆಯೇ ನಮ್ಮ ಕಚೇರಿ. ಅರವತ್ತೈದು ತುಂಬಿದ ಬಡವರಿಗೆ 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯ ಹಣಕ್ಕೆ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. 2011ರ ಸಕಾಲ ಕಾಯಿದೆಯಂತೆ ಅರ್ಜಿಗೆ ಒಂದು ಸಂಖ್ಯೆಯೂ ಒಂದು ಗಡುವೂ ದೊರೆಯುತ್ತವೆ. ಇಷ್ಟು ಸರಳ. ತೊಡಕಿರುವುದು ಹೆಸರಿನಲ್ಲಿ. ನಾನು ಕಂಡ ಒಬ್ಬ ಅಜ್ಜಿಯ ಆಧಾರ್ ಚೀಟಿಯಲ್ಲಿ ಬರಿಯ ಹೆಸರಿದೆ. ಬ್ಯಾಂಕಿನ ಪುಸ್ತಕದಲ್ಲಿ ಅದರ ಮುಂದೆ ‘ದೊಡ್ಡ’ ಎಂದು ಸೇರಿದೆ. ಊರವರೆಲ್ಲ ಕರೆಯುವುದು ಹಾಗೆಯೇ ಎಂದು ನಾನೂ ಅರ್ಜಿಯಲ್ಲಿ ‘ದೊಡ್ಡ’ ಸೇರಿಸಿ ಬರೆದೆನು. ಹನ್ನೊಂದನೆಯ ದಿನ ಅರ್ಜಿ ಹಿಂದಕ್ಕೆ ಬಂದಿತು.

“ಓದ್ದೋರ್ ಕೈಲೂ ತಪ್ಪಾಯ್ತದಾ ಮಗಾ?” ಎಂದರು ಅಜ್ಜಿ. ಕೋಪವಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಮೊದಲು ಯಾವ ಕಾಗದ ಮೂಲವೆಂದು ಗೊತ್ತುಮಾಡಿಕೊಂಡು, ಉಳಿದವನ್ನು ಅದಕ್ಕೆ ಹೊಂದಿಸಿ, ಆಮೇಲೆ ಅರ್ಜಿ ಬರೆಯಬೇಕೆಂದು ಸಂಸ್ಥೆಯ ಹಿರಿಯರು ತಿದ್ದಿದರು. ಬ್ಯಾಂಕಿನ ಪುಸ್ತಕ ಸರಿಯಾಗುವಷ್ಟರಲ್ಲಿ ನನ್ನ ಹದಿನೆಂಟು ದಿನಗಳೂ ಮುಗಿದಿದ್ದವು. ಪ್ರಮಾಣಪತ್ರವೇನೋ ನನಗೆ ಕೂಡಲೇ ಸಿಕ್ಕಿತು!

ಮುಂದಿನ ರಜೆಯಲ್ಲಿ ಹೊರಡುವ ಮಿತ್ರರು ಸಂಸ್ಥೆಯವರನ್ನು ಮೊದಲ ದಿನವೇ ಕೇಳಬೇಕಾದುದು, ಪ್ರಮಾಣಪತ್ರ ಎಂದು ಬರುವುದೆಂದಲ್ಲ. ತಾವು ಬಿಟ್ಟುಬಂದ ಕೆಲಸವನ್ನು ಯಾರು ಹಿಡಿಯುವರೆಂದು. ನಾನು ಹೊರಡುವಾಗ ಒಂದು ನೋಟುಪುಸ್ತಕದಲ್ಲಿ ಪ್ರತಿಯೊಬ್ಬರ ಅರ್ಜಿಯ ಸಂಖ್ಯೆ, ಆಗಿರುವುದೆಷ್ಟು, ಆಗಬೇಕಾದುದೇನು ಎಂದು ಬರೆದು ಕೊಟ್ಟೆನು. ಅಜ್ಜಿಯ ಹೊಸ ಅರ್ಜಿಯನ್ನು ಈಗ ನನ್ನ ಬದಲಿಗೆ ಬಂದ ಹುಡುಗಿ ನೋಡಿಕೊಳ್ಳುತ್ತಿದ್ದಾಳೆ. ಅದರ ಸಂಖ್ಯೆಯನ್ನು ನಾನೂ ಬರೆದಿಟ್ಟುಕೊಂಡಿದ್ದೇನೆ. ಕಳೆದ ಶನಿವಾರದವರೆಗೆ ಹಣ ಬಂದಿಲ್ಲ.