ಹತ್ತು ಮಂದಿ ಹೊಗಳಿದ ಮದ್ದು

ಸಾಗರದಿಂದ ಆವಿನಹಳ್ಳಿಯ ಮಾರ್ಗವಾಗಿ ಶರಾವತಿಯ ಹಿನ್ನೀರಿನತ್ತ ಹೋದವರಿಗೆ ಅಂಬಾರಗೋಡ್ಲಿನ ದಡ ನೆನಪಿರುತ್ತದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ನಿಂತು ನೀರು ಹರಡಿಕೊಂಡ ಮೇಲೆ ತುಮರಿಯ ಕಡೆಯ ಹಳ್ಳಿಗಳು ಆಚೆ ದಡದ ಪಾಲಾದವು. ಬಸ್ಸಾಗಲಿ, ಅಡಿಕೆಯ ಮೂಟೆಯಾಗಲಿ, ಮದುವೆಯ ದಿಬ್ಬಣವಾಗಲಿ, ಲಾಂಚು ಬರುವ ತನಕ ದಡದಲ್ಲಿ ಕಾದು ನಿಲ್ಲುವುದೇ ಅಲ್ಲಿಯ ಪದ್ಧತಿಯಾಗಿತ್ತು. 2025ರ ಜುಲೈ ತಿಂಗಳಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದವಾದ ಸೇತುವೆ ಸಂಚಾರಕ್ಕೆ ತೆರೆಯಿತು. ಆ ಶ್ರಾವಣದಲ್ಲಿ ನಾನು ಅಕ್ಕನ ಮನೆಗೆ ಹೋದದ್ದು ಸೇತುವೆಯ ಮೇಲಿನಿಂದಲೇ. ನನಗಿಂತ ಎರಡು ದಿನ ಮೊದಲು ಕೊರಿಯರಿನವನೊಬ್ಬ ಅದೇ ಸೇತುವೆಯನ್ನು ದಾಟಿ ಬಂದು, ಐದೈದು ಲೀಟರಿನ ಎರಡು ಡಬ್ಬಿಗಳನ್ನು ಜಗಲಿಯ ಮೇಲಿಟ್ಟು ಹೋಗಿದ್ದನಂತೆ.

"ಇದೇನು ಭಾವ?" ಎಂದು ಕೇಳಿದೆ.

"ಎಲೆಚುಕ್ಕಿಗೂ ಆಯಿತು, ಕೊಳೆಗೂ ಆಯಿತು. ಇನ್ನು ಮೈಲುತುತ್ತ ಕಲಸುವ ರಗಳೆಯಿಲ್ಲ," ಎಂದರು ಭಾವ. ಹೆಚ್ಚು ಮಾತನಾಡದೆ ಮೊಬೈಲನ್ನು ನನ್ನ ಕೈಗಿತ್ತರು.

ಅದರಲ್ಲಿದ್ದುದು ತೋಟಿಗರದೊಂದು ವಾಟ್ಸಾಪ್ ಗುಂಪು. ಬೆಳಗಿನ ಶುಭಾಶಯಗಳ ಬೆನ್ನಿಗೇ ಹೊಗಳಿಕೆಯ ಮಾತುಗಳು ಮಳೆಗಾಲದ ಹಳ್ಳದಂತೆ ಹರಿದುಬರುತ್ತಿದ್ದವು. ಹಳದಿ ಚುಕ್ಕೆಗಳ ಸೋಗೆಯದೊಂದು ಚಿತ್ರ. ಅದರ ಪಕ್ಕದಲ್ಲಿ ಹಸುರಾಗಿ ನಳನಳಿಸುವ ಸೋಗೆಯ ಮತ್ತೊಂದು ಚಿತ್ರ. "ಒಂದೇ ಸಲ ಹಾಕಿದೆ, ತೋಟ ಬದುಕಿತು" ಎಂದು ಒಬ್ಬರು. "ಕಂಪೆನಿಯವರಿಗೆ ಕೈಮುಗಿಯಬೇಕು" ಎಂದು ಇನ್ನೊಬ್ಬರು. ನಡುವೆ ಯಾರೋ ಒಬ್ಬರು, "ನಮ್ಮಲ್ಲಿ ಏನೂ ಆಗಲಿಲ್ಲ" ಎಂದು ಬರೆದಿದ್ದರು. ಅದರ ಕೆಳಗೆಯೇ ಅವರನ್ನು ಗುಂಪಿನಿಂದ ತೆಗೆದುಹಾಕಲಾಗಿದೆ ಎಂಬ ಒಂದು ಸಾಲು ತಾನಾಗಿ ಮೂಡಿಕೊಂಡಿತ್ತು. ಭಾವ ಅದನ್ನು ಗಮನಿಸಿರಲಿಲ್ಲ. ಗಮನಿಸಿದ್ದರೂ ಕಡ್ಡಿಯಾಡಿಸುವವನೊಬ್ಬ ಹೋದನೆಂದೇ ಭಾವಿಸುತ್ತಿದ್ದರೋ ಏನೋ.

ಇಷ್ಟಾಗಿ ಭಾವ ಮರುಳಾಗುವ ಮನುಷ್ಯರಲ್ಲ. ಅವರ ತಂದೆ ಮುಳುಗಡೆಯಲ್ಲಿ ಫಲಕ್ಕೆ ಬಂದ ತೋಟವನ್ನು ನೀರಿಗೆ ಬಿಟ್ಟು ಬಂದು, ಹೊಸ ನೆಲದಲ್ಲಿ ಸಸಿ ಊರಿ, ಮತ್ತೆ ಆರೇಳು ವರ್ಷ ಅಡಿಕೆಯ ಮುಖ ನೋಡದೆ ಕಳೆದವರು. ಒಮ್ಮೆ ತೋಟ ಕಳೆದುಕೊಂಡ ಮನೆಯಲ್ಲಿ ಎರಡನೆಯ ತೋಟದ ಮೇಲಿನ ಜೀವ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. 2022ರಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರಗಳ ತೋಟಗಳಲ್ಲಿ ಎಲೆಚುಕ್ಕಿ ರೋಗ ವ್ಯಾಪಿಸಿದಾಗ ಅವರು ರಾತ್ರಿ ನಿದ್ರೆಗೆಟ್ಟದ್ದನ್ನು ಅಕ್ಕ ಹೇಳಿದ್ದಳು. ಅಂಥವರಿಗೆ ಧೈರ್ಯ ಕೊಟ್ಟದ್ದು ಗುಂಪಿನ ಅಪರಿಚಿತರಲ್ಲ. ಹೊಸನಗರದ ಕಡೆಯ ಅವರ ದಾಯಾದಿಯೊಬ್ಬರು. ಜೂನ್ ತಿಂಗಳ ಮೊದಲಲ್ಲಿ ಅವರೇ ತಮ್ಮ ತೋಟದ ಚಿತ್ರ ಹಾಕಿ, "ಹೊಸ ಸೋಗೆಯಲ್ಲಿ ಒಂದು ಚುಕ್ಕೆಯೂ ಇಲ್ಲ" ಎಂದು ಬರೆದಿದ್ದರು.

"ಅವನು ಸುಳ್ಳಾಡುವವನಲ್ಲ ಭಾವ," ಎಂದರು ನಮ್ಮ ಭಾವ. ಆ ಮಾತು ನಿಜವಾಗಿತ್ತು. ತೊಡಕು ಇದ್ದುದೂ ಅದರಲ್ಲಿಯೇ.

ಡಬ್ಬಿಯನ್ನು ತಿರುಗಿಸಿ ಚೀಟಿಯನ್ನು ಓದಿದೆ. ಬೆಳೆಯ ಚೈತನ್ಯಕ್ಕೆ, ಬೇರಿನ ಬಲಕ್ಕೆ, ಎಲೆಯ ಹಸುರಿಗೆ ಎಂದು ಸೊಗಸಾಗಿ ಅಚ್ಚಾಗಿತ್ತು. ಕೊಳೆರೋಗವೆಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಎಲೆಚುಕ್ಕಿಯ ಹೆಸರೂ ಇರಲಿಲ್ಲ. ಇದು ಅಚ್ಚಿನ ದೋಷವಲ್ಲ. ಬೆಳೆಯ ರೋಗವನ್ನು ಕೊಲ್ಲುವ ಮದ್ದೆಂದು ಮಾರುವವನು ಅದನ್ನು ಪರೀಕ್ಷೆಗೊಡ್ಡಿ ನೋಂದಣಿ ಮಾಡಿಸಬೇಕೆಂಬ ಕಟ್ಟಳೆ 1968ರ ಕೀಟನಾಶಕ ಕಾಯ್ದೆಯಿಂದ ಬಂದದ್ದು. ಯಾವ ಬೆಳೆಗೆ, ಯಾವ ರೋಗಕ್ಕೆ, ಎಷ್ಟು ಪ್ರಮಾಣ ಎಂಬುದು ಚೀಟಿಯ ಮೇಲಿರಬೇಕು. ಟಾನಿಕ್ಕೆಂದು ಮಾರುವವನು ಆ ಗೊಡವೆಗೆ ಹೋಗುವುದಿಲ್ಲ. ಚೀಟಿಯಲ್ಲಿ ಚೈತನ್ಯವೆಂದಷ್ಟೇ ಬರೆಯುತ್ತಾನೆ. ರೋಗ ಹೋಯಿತೆಂದು ಬರೆಯುವ ಕೆಲಸವನ್ನು ಕೊಂಡವರಿಗೆ ಬಿಡುತ್ತಾನೆ. ತಾನು ಹೇಳಿದರೆ ದಂಡ ಬೀಳುವ ಮಾತನ್ನು ಗಿರಾಕಿಯ ಬಾಯಿಂದ ಹೇಳಿಸುವುದೇ ಇಂಥ ಪ್ರಶಂಸೆಯ ಮುಖ್ಯವಾದ ಉಪಯೋಗವೆಂದು ನನಗೆ ಅಂದು ಹೊಳೆಯಿತು.

ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ಅಜ್ಜಂದಿರ ಕಾಲದ ಪಂಚಾಂಗ, ಪತ್ರಿಕೆಗಳ ಕೊನೆಯ ಪುಟಗಳನ್ನು ತಿರುವಿದವರು ಬಲ್ಲರು: ಮೂಲವ್ಯಾಧಿಯಿಂದ ಹಿಡಿದು ಮಧುಮೇಹದವರೆಗೆ ಎಲ್ಲಕ್ಕೂ ಒಂದೇ ಸೀಸೆ, ಅದರ ಕೆಳಗೆ ಗುಣಹೊಂದಿದವರ ಕಾಗದಗಳು. ಈ ಹಾವಳಿ ತಡೆಯಲಾರದಷ್ಟಾದಾಗ 1954ರಲ್ಲಿ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ ಬಂತು. ಮಧುಮೇಹ, ಕ್ಯಾನ್ಸರ್ ಮೊದಲಾದ ರೋಗಗಳನ್ನು ಹೆಸರಿಸಿ, ಅವುಗಳನ್ನು ವಾಸಿಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡಕೂಡದೆಂದು ಅದು ವಿಧಿಸಿತು. ಕಾಗದದ ಜಾಗಕ್ಕೆ ಮೊಬೈಲು ಬಂದಿದೆ. ಹಿಂದಿನ ಕಾಗದ ಯಾವುದೋ ಊರಿನ ಯಾರೋ ಒಬ್ಬರದು. ಈಗಿನ ಮಾತು ದಾಯಾದಿಯದು, ಸಹಪಾಠಿಯದು, ವಠಾರದ ಪಕ್ಕದ ಮನೆಯವರದು. ಆದ್ದರಿಂದಲೇ ಅದರ ಪೆಟ್ಟು ಹೆಚ್ಚು.

"ಅವರ ತೋಟವನ್ನು ಈಗ ನೋಡಿದ್ದೀರಾ?" ಎಂದು ಕೇಳಿದೆ.

"ಚಿತ್ರ ನೋಡಿದೆನಲ್ಲ?"

"ಅದು ಜೂನಿನದು. ಈಗ ಮಳೆ ಹಿಡಿದು ಎರಡು ತಿಂಗಳಾಯಿತು."

ಮರುದಿನ ಹೊರಟೆವು. ಹೊಸನಗರದ ಆಚೆಯ ಆ ತೋಟವನ್ನು ಹೊಕ್ಕಾಗ ಮೊದಲು ಕಂಡದ್ದು ಮರವಲ್ಲ, ನೆಲ. ಹೆಜ್ಜೆಯಿಟ್ಟಲ್ಲೆಲ್ಲ ಎಳೆಯ ಅಡಿಕೆ. ಬಿಳಿಯ ಬೂಷ್ಟು ಹತ್ತಿ, ಮೆತ್ತಗಾಗಿ, ಕಾಲಡಿಯಲ್ಲಿ ಜಾರುತ್ತಿತ್ತು. ಕೊಳೆಯ ವಾಸನೆಯನ್ನು ಮಲೆನಾಡಿನವರಿಗೆ ವರ್ಣಿಸಬೇಕಾಗಿಲ್ಲ. ಬಯಲುಸೀಮೆಯವರಿಗೆ ವರ್ಣಿಸಿ ಪ್ರಯೋಜನವಿಲ್ಲ. ದಾಯಾದಿಗಳು ಮಾತಿಲ್ಲದೆ ನಮ್ಮ ಹಿಂದೆ ನಡೆದು ಬಂದರು. ಡಬ್ಬಿಯ ದ್ರವವನ್ನು ನಂಬಿ ಅವರು ಆ ವರ್ಷ ಬೋರ್ಡೋ ದ್ರಾವಣವನ್ನು ಒಮ್ಮೆಯೂ ಹೊಡೆಸಿರಲಿಲ್ಲ.

"ಬರೆದಾಗ ಸುಳ್ಳು ಬರೆಯಲಿಲ್ಲ," ಎಂದರು ಕೊನೆಗೆ. "ಸೋಗೆ ನಿಜವಾಗಿಯೂ ಚೊಕ್ಕಟವಾಗಿತ್ತು."

"ಈಗ ಹೀಗಾಯಿತೆಂದು ಬರೆಯಬಾರದೆ?" ಎಂದು ನಾನು ಕೇಳಬಾರದಿತ್ತು, ಕೇಳಿಬಿಟ್ಟೆ.

ಅವರು ಕಾಫಿಯ ಲೋಟವನ್ನು ಕೆಳಗಿಟ್ಟರು. "ಆರು ಮನೆಗೆ ನಾನೇ ಡಬ್ಬಿ ಕೊಡಿಸಿದ್ದೇನೆ. ಡಬ್ಬಿಗೆ ಇಷ್ಟೆಂದು ನನಗೂ ಬಂದಿದೆ. ತಂಗಿಯ ಮನೆಗೂ ಕೊಡಿಸಿದ್ದೇನೆ. ಏನೆಂದು ಬರೆಯಲಿ?"

ಜೂನಿನಲ್ಲಿ ಬರೆದ ಆ ಮೆಚ್ಚುಗೆ ಗುಂಪಿನಲ್ಲಿ ಇದ್ದ ಹಾಗೆಯೇ ಇತ್ತು. ಹೊಸದಾಗಿ ಸೇರಿದವರಿಗೆ ಅದನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದರು.

ಸೋಗೆ ಚೊಕ್ಕಟವಾದದ್ದು ಹೇಗೆ? ಅಡಿಕೆಯ ಮರ ವರ್ಷಕ್ಕೆ ಆರೇಳು ಹೊಸ ಸೋಗೆಗಳನ್ನು ಬಿಡುತ್ತದೆ. ಹಳೆಯವು ಒಣಗಿ ಉದುರುತ್ತವೆ. ಎಲೆಚುಕ್ಕಿಯ ಶಿಲೀಂಧ್ರ ಹರಡುವುದು ಮಳೆಯ ಹನಿ ಮತ್ತು ತಂಪಿನ ಬೆಂಬಲದಿಂದ. ಬೇಸಗೆಯಲ್ಲಿ ಬಿಚ್ಚಿಕೊಂಡ ಸೋಗೆ, ಡಬ್ಬಿಯ ದ್ರವ ಹಾಕಿದರೂ ಹಾಕದಿದ್ದರೂ, ಬಹುಮಟ್ಟಿಗೆ ಚೊಕ್ಕಟವಾಗಿಯೇ ಇರುತ್ತದೆ. ರೋಗ ಜೋರಾದಾಗ ಮದ್ದು ಹುಡುಕುತ್ತೇವೆ, ಹುಡುಕಿ ಹಾಕುವ ಹೊತ್ತಿಗೆ ಋತು ತಿರುಗಿರುತ್ತದೆ, ಕೀರ್ತಿ ಮದ್ದಿನದಾಗುತ್ತದೆ. ನೆಗಡಿಗೆ, ಬೆನ್ನುನೋವಿಗೆ, ಕೂದಲುದುರುವುದಕ್ಕೆ ಕೊಂಡ ಸೀಸೆಗಳ ಕೀರ್ತಿಯಲ್ಲಿಯೂ ಎಷ್ಟು ಪಾಲು ಕಾಲಪುರುಷನದೋ!

ಕೊಳೆರೋಗಕ್ಕೆ ಮಲೆನಾಡಿನವರು ಹಿಂದೆ ಕೊನೆಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆ ನಮ್ಮ ತೋಟಗಳಿಗೆ ಬಂದುದು ಅವರ ಯತ್ನದಿಂದ. ಆ ದ್ರಾವಣ ಹುಟ್ಟಿದ ಕಥೆಯಂತೂ ಕೇಳತಕ್ಕದ್ದು. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು, ದಾರಿಯ ಅಂಚಿನ ಬಳ್ಳಿಗಳಿಗೆ ಮಾತ್ರ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚಿ ವಿಷದಂತೆ ಕಾಣಿಸುತ್ತಿದ್ದರಂತೆ. ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕ 1882ರಲ್ಲಿ ಆ ದಾರಿಯಲ್ಲಿ ನಡೆಯುವಾಗ ನೋಡಿದ: ತೋಟದ ಒಳಗಿನ ಬಳ್ಳಿಗಳ ಎಲೆಗಳು ರೋಗದಿಂದ ಉದುರಿವೆ, ಅಂಚಿನವು ಹಸುರಾಗಿವೆ. ಅದೇ ನೆಲ, ಅದೇ ಮಳೆ, ಅದೇ ವರ್ಷ. ಎರಚಿದ್ದು ಒಂದು ಸಾಲು, ಎರಚದ್ದು ಇನ್ನೊಂದು. ಅಷ್ಟರಿಂದಲೂ ತೃಪ್ತನಾಗದೆ ಪ್ರಯೋಗಗಳನ್ನು ಮಾಡಿ 1885ರಲ್ಲಿ ಪ್ರಕಟಿಸಿದ. ಗುಂಪಿನಲ್ಲಿ ನೂರು ಮಂದಿ ಬರೆದರೂ ಸಿಗದ ವಸ್ತು ಆ ಎರಚದ ಸಾಲು.

ನೂರು ಕಿಲೋ ಮಾತಿಗಿಂತ ಒಂದು ಕಿಲೋ ಮೈಲುತುತ್ತವನ್ನು ಪರೀಕ್ಷಿಸುವುದು ಸುಲಭ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಹದ ತಪ್ಪಿದೆಯೇ ಎಂದು ತಿಳಿಯಲು ಉಜ್ಜಿದ ಕಬ್ಬಿಣದ ಚೂರಿಯನ್ನು ಅದ್ದಿ ತೆಗೆದರಾಯಿತು. ಚೂರಿಗೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಯಾರ ಸಾಕ್ಷಿಯೂ ಬೇಡ.

ಸರಕಾರ ಸುಮ್ಮನಿದೆಯೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ವಸ್ತುವನ್ನು ಹೊಗಳಿ ಶಿಫಾರಸು ಮಾಡಿದವರೂ ಇದಕ್ಕೆ ಒಳಪಡುತ್ತಾರೆ. ಹೊಗಳುವವರಿಗೆ ಮಾರುವವನಿಂದ ಲಾಭವಿದ್ದರೆ ಅದನ್ನು ಬಹಿರಂಗಪಡಿಸಬೇಕೆಂದು 2022ರ ಜೂನ್ ತಿಂಗಳ ಮಾರ್ಗಸೂಚಿ ಹೇಳಿತು. ಅದೇ ವರ್ಷ ನವೆಂಬರಿನಲ್ಲಿ ಭಾರತೀಯ ಮಾನಕ ಸಂಸ್ಥೆ ಅಂತರ್ಜಾಲದ ಗ್ರಾಹಕ ವಿಮರ್ಶೆಗಳಿಗೊಂದು ಮಾನಕವನ್ನು ಹೊರಡಿಸಿತು. ಅದನ್ನು ಪಾಲಿಸುವುದು ಮಾತ್ರ ಸ್ವಂತ ಇಚ್ಛೆಗೆ ಬಿಟ್ಟದ್ದಾಗಿತ್ತು. ಬೆಳೆಯ ಟಾನಿಕ್ಕುಗಳ ವಿಷಯದಲ್ಲಿ 2025ರ ಜುಲೈನಲ್ಲಿ ಕೇಂದ್ರದ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣರೇ, ಸುಮಾರು 30,000 ಬಗೆಯ ಜೈವಿಕ ಉತ್ತೇಜಕಗಳು ವರ್ಷಗಟ್ಟಲೆ ಹಿಡಿತವಿಲ್ಲದೆ ಮಾರಾಟವಾಗುತ್ತಿದ್ದುವೆಂದೂ ಬಿಗಿಮಾಡಿದ ಮೇಲೆ ಅವು 650ರ ಆಸುಪಾಸಿಗೆ ಇಳಿದುವೆಂದೂ ಹೇಳಿದರು. ಉಳಿದವೆಲ್ಲ ಯಾರ ಯಾರ ಜಗಲಿಯ ಮೇಲಿದ್ದುವೋ! ಆದರೆ ದಾಯಾದಿ ದಾಯಾದಿಗೆ ಆಡಿದ ಮಾತಿನ ಹಿಂದೆ ಯಾವ ಅಧಿಕಾರಿ ಹೋದಾನು?

ಇದು ತೋಟದವರ ಗೋಳು, ನಮಗೇನೆಂದು ಬೆಂಗಳೂರಿನ ವಾಚಕರು ಪುಟ ತಿರುಗಿಸಬಾರದು. ಹುಣಸೂರು ತಾಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ತಲೆಯ ಎಣ್ಣೆ, ಮಾರುಗಟ್ಟಲೆ ಕೂದಲಿನ ಚಲನಚಿತ್ರಗಳ ಮೂಲಕ ದೇಶಕ್ಕೆಲ್ಲ ಪರಿಚಯವಾದದ್ದನ್ನು ಮನೆಯ ಹೆಣ್ಣುಮಕ್ಕಳು ಬಲ್ಲರು. ಎಣ್ಣೆ ಒಳ್ಳೆಯದೋ ಅಲ್ಲವೋ ಎಂಬುದು ಬೇರೆ ಮಾತು. ಆ ನೀಳವಾದ ಕೂದಲು ಎಣ್ಣೆಗಿಂತ ಮೊದಲೇ ಎಷ್ಟಿತ್ತೆಂಬುದನ್ನು ಯಾರೂ ತೋರಿಸುವುದಿಲ್ಲ. ನಾನಾದರೋ ಈಗ ಮೆಚ್ಚುಗೆಯನ್ನು ಓದುವಾಗ ಮೊದಲು ತಾರೀಕನ್ನು ನೋಡುತ್ತೇನೆ. ಬರೆದವರನ್ನು ಆರು ತಿಂಗಳ ಮೇಲೆ ಕೇಳಲು ಸಾಧ್ಯವೇ, ಇದರಿಂದ ಅವರಿಗೇನಾದರೂ ದೊರೆಯುತ್ತದೆಯೇ, ಅತೃಪ್ತರಿಗೆ ಅಲ್ಲಿ ಬಾಯಿಬಿಡುವ ಅವಕಾಶ ಉಂಟೇ ಎಂದು ವಿಚಾರಿಸುತ್ತೇನೆ. ಬೈಗುಳವೇ ಇಲ್ಲದ ಸಂತೆಯಲ್ಲಿ ನನಗೆ ಕೊಳ್ಳಲು ಮನಸ್ಸಾಗುವುದಿಲ್ಲ.

ಹೊಸನಗರದಿಂದ ಮರಳಿದ ರಾತ್ರಿ ಭಾವ ಊಟಕ್ಕೆ ಸರಿಯಾಗಿ ಕೂರಲಿಲ್ಲ. ಮೂರನೆಯ ದಿನ ಮಳೆ ಹೊಳವಾದದ್ದೇ ತಡ, ಕೊನೆಗೌಡನನ್ನು ಕರೆಸಿ, ತಡವಾಗಿದ್ದ ಎರಡನೆಯ ಬೋರ್ಡೋ ಹೊಡೆಸಿದರು. ನನ್ನ ಮಾತಿಗೆ ಒಪ್ಪಿ ಒಂದು ಸಾಲಿನಲ್ಲಿ ಇಪ್ಪತ್ತು ಮರಗಳನ್ನು ಬಿಟ್ಟರು. ಹತ್ತಕ್ಕೆ ಡಬ್ಬಿಯ ದ್ರವ, ಹತ್ತಕ್ಕೆ ಏನೂ ಇಲ್ಲ. ಕಾಂಡಕ್ಕೆ ಬಟ್ಟೆಯ ಚೂರು ಕಟ್ಟಿದವಳು ಅಕ್ಕ. ಬೆಳಗ್ಗೆ ಉದುರಿದ್ದನ್ನು ಬೇರೆ ಬೇರೆ ಬುಟ್ಟಿಯಲ್ಲಿ ಆರಿಸಿಟ್ಟವಳೂ ಅವಳೇ.

ದೀಪಾವಳಿಯ ಮೇಲೆ ನಾನು ಮತ್ತೆ ಹೋದಾಗ ಕೊಯ್ಲಿನ ಸಿದ್ಧತೆ ನಡೆದಿತ್ತು. ಫಲಿತಾಂಶವೇನೆಂದು ಕೇಳಿದೆ.

"ಎರಡು ಬುಟ್ಟಿಗೂ ಹೆಚ್ಚುಕಡಿಮೆ ಒಂದೇ ತೂಕ ತಮ್ಮ," ಎಂದಳು ಅಕ್ಕ. "ಬೋರ್ಡೋ ಹೊಡೆದ ಕಡೆ ಬುಟ್ಟಿ ತುಂಬಿದ್ದೇ ಇಲ್ಲ."

ಇಪ್ಪತ್ತು ಮರಗಳ ಲೆಕ್ಕ ದೊಡ್ಡ ಪ್ರಯೋಗವೇನೂ ಅಲ್ಲ. ಆದರೂ ಭಾವ ಬುಟ್ಟಿಗಳ ಚಿತ್ರ ತೆಗೆದು, ತಾರೀಕು ಸಹಿತ, ಗುಂಪಿಗೆ ಕಳಿಸಿದ್ದರಂತೆ. ಕಾಲು ಗಂಟೆಯೊಳಗೆ ಅವರ ಹೆಸರೂ ಗುಂಪಿನಿಂದ ಹೊರಬಿತ್ತು. ಅದೇ ಸಂಜೆ ಹೊಸನಗರದಿಂದ ಫೋನು ಬಂತು. ದಾಯಾದಿಗಳು ಬಹಳ ಹೊತ್ತು ಅದು ಇದು ಮಾತನಾಡಿ, ಫೋನು ಇಡುವ ಮುಂಚೆ, ಆ ಚಿತ್ರವನ್ನು ತಮ್ಮ ತಂಗಿಯ ಮನೆಗೂ ಕಳಿಸಲು ಹೇಳಿದರಂತೆ. ತಾವೇ ಕಳಿಸಲು ಕೈಬರುತ್ತಿಲ್ಲವೆಂದರಂತೆ.

ಒಡೆಯದೆ ಉಳಿದ ಡಬ್ಬಿ ಅಟ್ಟದ ಮೇಲಿದೆ. ಒಡೆದ ಡಬ್ಬಿಯ ಕುತ್ತಿಗೆಯನ್ನು ಕತ್ತರಿಸಿ, ಮಣ್ಣು ತುಂಬಿಸಿ, ಅಕ್ಕ ಅದರಲ್ಲಿ ಅಬ್ಬಲಿಗೆಯ ಗಿಡ ಊರಿದ್ದಾಳೆ.